ಕಲ್ಲು ದಾಟಿದ ಕಜ್ಜಾಯ

ನಾನು ತಿಂಡಿಪೋತನಲ್ಲ, ಸಂಶೋಧಕ. ಈ ಎರಡರ ನಡುವಿನ ವ್ಯತ್ಯಾಸ ನನ್ನ ಹೆಂಡತಿ ಮಂಗಳಾಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಸಂಶೋಧನೆಯ ವಿಷಯ ಇದು. ಸುವರ್ಣಾವತಿ ಅಣೆಕಟ್ಟಿನ ಏರಿಯ ಮೇಲೆ ಕೂತು, ನೀರು ನೋಡುತ್ತಾ ಬೇಯಿಸಿದ ಕಡಲೆಕಾಯಿ ತಿಂದರೆ ಅದು ಅಮೃತ. ಅದೇ ಕಡಲೆಕಾಯಿಯನ್ನು ಕಟ್ಟಿಸಿಕೊಂಡು ಬಂದು ಚಾಮರಾಜನಗರದ ನಮ್ಮ ಮನೆಯ ಸೋಫಾದ ಮೇಲೆ ಕೂತು ತಿಂದರೆ ಬರೀ ಕಡಲೆಕಾಯಿ. ಬಿಳಿಗಿರಿರಂಗನ ಬೆಟ್ಟದ ಮಂಜಿನಲ್ಲಿ ನಿಂತು ತಿಂದ ಮೆಣಸಿನಕಾಯಿ ಬಜ್ಜಿ ನನ್ನನ್ನು ಇನ್ನೇನು ಕವಿಯನ್ನಾಗಿ ಮಾಡುವುದರಲ್ಲಿತ್ತು. ಉಳಿದ ಬಜ್ಜಿಯನ್ನು ಬಸ್ಸಿನಲ್ಲಿ ಇಳಿಯುವಾಗ ತಿಂದೆ. ಕವಿ ಸತ್ತುಹೋದ. ಗುಂಡ್ಲುಪೇಟೆಯ ಕೇರಳದವರ ಟೀ ಅಂಗಡಿಯಲ್ಲಿ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಪಳಂಪೊರಿ ಅಂತ ಕೊಡುತ್ತಾರೆ. ಲಾರಿಗಳ ಹೊಗೆಯ ನಡುವೆ ನಿಂತು ತಿಂದರೆ ಮಾತ್ರ ಅದಕ್ಕೆ ರುಚಿ. ಪಾರ್ಸೆಲ್ ತಂದರೆ ಒದ್ದೆ ಚಪ್ಪಲಿ!

ಹಾಗಾದರೆ ರುಚಿ ಇರುವುದು ತಿಂಡಿಯಲ್ಲೋ, ಜಾಗದಲ್ಲೋ? ಅಥವಾ ಎರಡರಲ್ಲೂ ಇಲ್ಲದೆ, ಆಮೇಲೆ ನೆನಪಿಸಿಕೊಳ್ಳುವಾಗ ನಾವೇ ಮೇಲಿಂದ ಉದುರಿಸಿಕೊಳ್ಳುವ ಸಕ್ಕರೆಯೋ ಅದು?

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನೆನಪನ್ನು ನಂಬಬೇಡಿ, ನೆನಪು ಸಾಕ್ಷಿಯಲ್ಲ, ನಮ್ಮ ಪರವಾಗಿ ವಾದಿಸುವ ವಕೀಲ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಅವರು ಅದನ್ನು ಪರೀಕ್ಷೆಯ ಹೊತ್ತಿಗೆ ಮರೆತು, ನನ್ನ ಮಾತನ್ನು ನಿಜ ಮಾಡುತ್ತಾರೆ. ದಿನಚರಿ ಬರೆಯುವ ಚಟವೂ ನನಗೆ ಹೀಗೆಯೇ ಹತ್ತಿದ್ದು. ಆದರೆ ಅದರಿಂದಲೂ ನೆಮ್ಮದಿಯಿಲ್ಲ. ಮದುವೆಯಾದ ಹೊಸತರಲ್ಲಿ ಮಂಗಳಾಳ ತವರಾದ ಹಂಗಳದಲ್ಲಿ, ಹೊಲದ ಹುಣಸೆಮರದ ಕೆಳಗೆ ಕೂತು ನಾನೊಂದು ಕಜ್ಜಾಯ ತಿಂದೆ. ಎದುರಿಗೆ ಗೋಪಾಲಸ್ವಾಮಿ ಬೆಟ್ಟ, ಅದರ ನೆತ್ತಿಯ ಮೇಲೆ ಮೋಡ, ತಣ್ಣನೆಯ ಗಾಳಿ, ಬಾಯಲ್ಲಿ ಕರಗುವ ಕಜ್ಜಾಯ. ಅಂಥ ಕಜ್ಜಾಯವನ್ನು ಆಮೇಲೆ ಎಲ್ಲೂ ತಿಂದಿಲ್ಲ ಎಂದು ಇಷ್ಟು ವರ್ಷವೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಒಂದು ದಿನ ಹಳೆಯ ದಿನಚರಿ ತೆಗೆದು ನೋಡಿದೆ. ಅದರಲ್ಲಿ ಇದ್ದದ್ದು ಇಷ್ಟು: “ವಿಪರೀತ ಸೆಖೆ. ಕಜ್ಜಾಯ ತಿಂದೆ. ಹೊಟ್ಟೆ ಉಬ್ಬರ.”

ಈಗ ಯಾರನ್ನು ನಂಬುವುದು? ನನ್ನನ್ನೋ, ನನ್ನನ್ನೋ?

ಒಂದು ಪ್ರಯೋಗ ಮಾಡಿದರೆ ಎಲ್ಲ ಇತ್ಯರ್ಥವಾಗುತ್ತದೆ ಎಂದು ನನಗೆ ಹೊಳೆಯಿತು. ಒಂದೇ ಹಿಟ್ಟು, ಒಂದೇ ಎಣ್ಣೆ, ಒಂದೇ ಕೈ. ಒಂದು ಕಜ್ಜಾಯವನ್ನು ಹುಣಸೆಮರದ ಕೆಳಗೆ ತಿನ್ನುವುದು, ಇನ್ನೊಂದನ್ನು ಅದೇ ಸಂಜೆ ಮನೆಯ ಸೋಫಾದ ಮೇಲೆ. ಎರಡೂ ಒಂದೇ ಥರ ಇದ್ದರೆ ರುಚಿ ಕಜ್ಜಾಯದ್ದು. ಇಲ್ಲದಿದ್ದರೆ ಬೆಟ್ಟದ್ದು. ಎಷ್ಟು ಸರಳ!

ಸರಳವಾಗದಿದ್ದದ್ದು ಒಂದೇ. ಆ ಕಜ್ಜಾಯವನ್ನು ಅಲ್ಲಿಂದ ತರುವ ಹಾಗಿಲ್ಲ.

ಅದು ಹಾಗೆ ಸುಮ್ಮನೆ ಕರಿಯುವ ಕಜ್ಜಾಯವಲ್ಲ. ಆ ಹುಣಸೆಮರದ ಕೆಳಗೊಂದು ಕಲ್ಲಿದೆ. ಮಂಗಳಾಳ ಮನೆಯವರು ಅದನ್ನು ಮರದಯ್ಯ ಎನ್ನುತ್ತಾರೆ. ಮಳೆ ಬಿದ್ದು, ಸುತ್ತಲ ಹೊಲಗಳಲ್ಲಿ ಚೆಂಡು ಹೂ ಅರಳುವ ಹೊತ್ತಿಗೆ ವರ್ಷಕ್ಕೊಮ್ಮೆ ಅವನಿಗೆ ಎಡೆ. ಕಜ್ಜಾಯವನ್ನು ಮನೆಮಗಳೇ ಉಪವಾಸವಿದ್ದು, ಮರದ ಕೆಳಗೇ ಒಲೆ ಹೂಡಿ ಕರಿಯಬೇಕು. ಅಲ್ಲಿ ಕರಿದದ್ದು ಅಲ್ಲೇ ಮುಗಿಯಬೇಕು. ಉಳಿದರೆ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ತಿನ್ನಿಸಬೇಕು. ಹೊರಡುವಾಗ ಹೊಲದ ಅಂಚಿನ ಎಲ್ಲೆಕಲ್ಲಿನ ಹತ್ತಿರ ನಿಂತು ಹೆಂಗಸರು ಸೆರಗು ಒದರಬೇಕು, ಗಂಡಸರು ಟವೆಲ್ ಒದರಿ ಜೇಬು ಹೊರಗೆಳೆದು ತೋರಿಸಬೇಕು. ಒಂದು ಚೂರು ಕಲ್ಲು ದಾಟಿದರೂ ಆ ವರ್ಷದ ಎಡೆ ಸಲ್ಲಲಿಲ್ಲವೆಂದೇ ಲೆಕ್ಕ.

ಇಷ್ಟು ವರ್ಷ ಕರಿಯುತ್ತಿದ್ದವರು ಮಂಗಳಾಳ ತಂದೆಯ ಅಕ್ಕ ಪುಟ್ಟಮಾದಮ್ಮ. ಊರಿಗೆಲ್ಲ ಅವರು ದೊಡ್ಡತ್ತೆ. ಸಂತೆಮರಹಳ್ಳಿಗೆ ಮದುವೆಯಾಗಿ ಹೋದವರು. ಆದರೂ ಎಡೆಯ ದಿನ ಬಸ್ಸು ಹತ್ತಿ ತವರಿಗೆ ಬಂದು ಬಾಂಡಲೆ ಇಡದೆ ಇದ್ದದ್ದಿಲ್ಲ. ಈಗ ಕಣ್ಣು ಮಂಜು. ಹಾಗಾಗಿ ಹೋದ ವರ್ಷ ಫೋನು ಮಾಡಿ ಮಂಗಳಾಗೆ ಹೇಳಿದ್ದರು: “ಈ ಸಲ ನಿನ್ ಕೈಲಾಗ್ಲಿ ಕಣವ್ವ. ಸರ್ಯಾಗಿ ನಡದ್ರೆ ಬಾಂಡ್ಲೆ ನಿಂದೇ. ಇಲ್ದೆ ಓದ್ರೆ ನನ್ ಇನ್ನೊಬ್ ತಮ್ಮನ ಮಗಳ ಕರೀತೀನಿ.”

ಆ ಬಾಂಡಲೆ ಮಂಗಳಾಳ ಅಜ್ಜಿಯ ಕಾಲದ್ದು. ಅವಳಿಗೆ ಅದು ಬೇಕಾಗಿತ್ತು. ಯಾಕೆ ಬೇಕು ಎಂದು ಕೇಳಿದರೆ “ನಂದು ಅದು” ಅಂದಳು ಅಷ್ಟೆ. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲದ ಪಾಕ ತೆಗೆದು ಮನೆಯಲ್ಲೇ ಅಭ್ಯಾಸ ಶುರು ಮಾಡಿದಳು. ಕಜ್ಜಾಯದ ಜೀವ ಪಾಕದಲ್ಲಿ. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಬಿಚ್ಚಿಕೊಂಡು ಪಾಯಸವಾಗುತ್ತದೆ. ಬಲಿತರೆ ಗೋಡೆಗೆ ಮೊಳೆ ಹೊಡೆಯಬಹುದು. ನಾನು ಆ ತಿಂಗಳೆಲ್ಲ ಪಾಯಸವನ್ನೂ ತಿಂದೆ, ಸುತ್ತಿಗೆಯನ್ನೂ ತಿಂದೆ. ಸಂಶೋಧಕನ ಬಾಳು!

“ರೀ, ಒಂದ್ ಮಾತು,” ಎಂದಳು ಹೊರಡುವ ಹಿಂದಿನ ದಿನ. “ಅಲ್ಲಿ ಬಂದು ಅದ್ಯಾಕೆ, ಇದ್ಯಾಕೆ ಅಂತ ಪ್ರಶ್ನೆ ಕೇಳ್ಬೇಡಿ. ತಿನ್ನಿ, ಕೈ ತೊಳೀರಿ, ಬನ್ನಿ.”

“ನಾನು ಬಾಯಿ ತೆರೆಯುವುದೇ ಇಲ್ಲ,” ಎಂದೆ.

ಆ ಮಾತನ್ನು ನಾನು ಉಳಿಸಿಕೊಂಡೆ. ಆವತ್ತು ಆದ ಅನಾಹುತಕ್ಕೆ ನನ್ನ ಬಾಯಿ ಕಾರಣವಲ್ಲ, ತಲೆ.

ಎಡೆಯ ದಿನ ಮಂಗಳಾ ಮೊದಲೇ ಹಂಗಳದಲ್ಲಿದ್ದಳು. ನಾನು ಬೆಳಿಗ್ಗೆ ಸ್ಕೂಟರಿನಲ್ಲಿ ಗುಂಡ್ಲುಪೇಟೆಯ ಮೇಲೆ ಹೊಲಕ್ಕೆ ಹೋದೆ. ಒಲೆ ಹೊತ್ತಿತ್ತು. ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಂಗಳಾಳ ತಮ್ಮ ಸಿದ್ದರಾಜು ರಜಾ ಹಾಕಿ ಬಂದು ಸೌದೆ ಮುರಿಯುತ್ತಿದ್ದ. ದೊಡ್ಡತ್ತೆ ಮರದ ಬೇರಿನ ಮೇಲೆ ಕೂತು, ಕಾಣದ ಕಣ್ಣಿಗೆ ಕಿವಿಯನ್ನೇ ಕೊಟ್ಟು, ಎಣ್ಣೆಯ ಸದ್ದು ಕೇಳಿಸಿಕೊಳ್ಳುತ್ತಿದ್ದರು.

“ಉರಿ ಕಮ್ಮಿ ಮಾಡವ್ವ. ಎಣ್ಣೆ ಬೈತಾ ಅದೆ.”

ಮಂಗಳಾ ಉರಿ ಕಡಿಮೆ ಮಾಡಿ, ಬಾಳೆಎಲೆಯ ಮೇಲೆ ಹಿಟ್ಟು ತಟ್ಟಿ, ಉಸಿರು ಬಿಗಿಹಿಡಿದು ಎಣ್ಣೆಗೆ ಜಾರಿಸಿದಳು. ನಾವೆಲ್ಲ ಬಾಂಡಲೆಯೊಳಗೆ ಬಗ್ಗಿ ನೋಡಿದೆವು. ಕಜ್ಜಾಯ ಮುಳುಗಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದುಂಡಗೆ, ಕೆಂಪಗೆ, ಒಂದು ಬಿರುಕೂ ಇಲ್ಲದೆ ಮೇಲೆ ಬಂತು.

“ಬುಚ್ಕಳ್ನಿಲ್ಲ ಕಣತ್ತೆ!” ಎಂದ ಸಿದ್ದರಾಜು.

ಮಂಗಳಾ ನನ್ನತ್ತ ನೋಡಿದಳು. ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ನೋಡಿದ್ದೆನೋ, ಮರೆತೆನೋ.

ಎಡೆಯಾಯಿತು. ಎಲೆ ಹಾಕಿ ಕೂತೆವು. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮೇಲೆ, ನಾನು ಹೇಳಿ ಮಾಡಿಸಿದ ಹಾಗೆ ಮೋಡವಿತ್ತು. ಗಾಳಿಯೂ ಇತ್ತು. ಕಜ್ಜಾಯ ಮುರಿದರೆ ಅಂಚು ಗರಿಗರಿ, ನಡುವೆ ಮೆತ್ತಗೆ, ಗಸಗಸೆಯ ಘಮ. ಅಮೃತ! ಪ್ರಯೋಗದ ಮೊದಲ ಭಾಗ ಯಶಸ್ವಿ. ಇನ್ನು ಎರಡನೆಯ ಭಾಗ.

ಎಲ್ಲರೂ ಪಾತ್ರೆ ತೊಳೆಯುತ್ತಿದ್ದಾಗ ನಾನು ಒಂದು ಕಜ್ಜಾಯವನ್ನು ಬಾಳೆಎಲೆಯ ಚೂರಿನಲ್ಲಿ ಸುತ್ತಿದೆ. ಆಮೇಲೆ, ಒಂದೇ ಮಾದರಿಯಿಂದ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕವೆನಿಸಿ, ಇನ್ನೊಂದನ್ನೂ ಸೇರಿಸಿದೆ. ಈಗ ಇಡುವುದೆಲ್ಲಿ? ಜೇಬು ಹೊರಗೆಳೆಯಬೇಕು. ಟವೆಲ್ ಒದರಬೇಕು. ಸ್ಕೂಟರಿನ ಡಿಕ್ಕಿಗೆ ಪಾತ್ರೆ ತುಂಬುತ್ತಾರೆ. ಸುತ್ತ ನೋಡಿದೆ. ಮರದ ಬುಡದಲ್ಲಿ ಅಂಗಾತ ಬಿದ್ದಿತ್ತು, ಸರ್ಕಾರವೇ ಕಡ್ಡಾಯ ಮಾಡಿದ, ಯಾರೂ ಅನುಮಾನಿಸದ ಪಾತ್ರೆ. ನನ್ನ ಹೆಲ್ಮೆಟ್!

ಪೊಟ್ಟಣವನ್ನು ಅದರೊಳಗಿಟ್ಟು ತಲೆಗೆ ಹಾಕಿಕೊಂಡೆ. ನೆತ್ತಿ ಬೆಚ್ಚಗಾಯಿತು. ಎಂಥ ಉಪಾಯ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮರದ ಬುಡದಲ್ಲಿ ಅಷ್ಟು ಹೊತ್ತು ಬಿದ್ದಿದ್ದ ಹೆಲ್ಮೆಟ್ಟಿನೊಳಗೆ ಆಗಲೇ ಯಾರಾದರೂ ಸಂಸಾರ ಹೂಡಿರಬಹುದು ಎಂಬ ಯೋಚನೆ ಮಾತ್ರ ಬರಲಿಲ್ಲ.

ಎಲ್ಲೆಕಲ್ಲಿನ ಹತ್ತಿರ ಎಲ್ಲರೂ ನಿಂತರು. ದೊಡ್ಡತ್ತೆ ಸೆರಗು ಒದರಿದರು. ಮಂಗಳಾ ಒದರಿದಳು. ಸಿದ್ದರಾಜು ಜೇಬು ಎಳೆದ. ಒಂದು ಬೀಗದ ಕೈ ಬಿತ್ತು. ನನ್ನ ಸರದಿ ಬಂದಾಗ ನಾನು ಟವೆಲನ್ನು ಧ್ವಜದಂತೆ ಒದರಿದೆ. ಪ್ಯಾಂಟಿನ ಜೇಬು, ಅಂಗಿಯ ಜೇಬು, ಎಲ್ಲ ತಿರುವಿದೆ. ಯಾರೂ ಕೇಳದಿದ್ದರೂ ಚಪ್ಪಲಿ ಕಳಚಿ ಅದನ್ನೂ ಒದರಿದೆ.

“ನೋಡವ್ವ, ಎಂಥಾ ನೇಮ ನಮ್ ಅಳಿಮಯ್ಯಂಗೆ! ಓದಿರೋರಂದ್ರೆ ಇಂಗಿರ್ಬೇಕು,” ಎಂದರು ದೊಡ್ಡತ್ತೆ.

ಸಿದ್ದರಾಜು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಭಾವ, ಯಾಕ್ ಈಗ್ಲೇ ಹೆಲ್ಮೆಟ್ಟು?”

“ಸುರಕ್ಷತೆ,” ಎಂದೆ.

“ಗಾಡಿ ಇನ್ನೂ ಸ್ಟ್ಯಾಂಡ್ ಮ್ಯಾಲದೆ.”

“ಅಪಘಾತಗಳು ಹೇಳಿ ಕೇಳಿ ಬರುವುದಿಲ್ಲ, ಸಿದ್ದರಾಜು.”

ಆ ಕಲ್ಲಿನ ಹತ್ತಿರ ನಾನು ಆಡಿದ ನಿಜವಾದ ಮಾತು ಇದೊಂದೇ.

ನನ್ನ ಲೆಕ್ಕದಲ್ಲಿ ಮಂಗಳಾ ನನ್ನ ಹಿಂದೆ ಕೂರಬೇಕಿತ್ತು. ಆದರೆ ಗುಂಡ್ಲುಪೇಟೆ ಬಸ್ ನಿಲ್ದಾಣಕ್ಕೆ ಹೋಗಬೇಕಾಗಿದ್ದ ದೊಡ್ಡತ್ತೆ ಸಿದ್ದರಾಜುವಿನ ಬೈಕನ್ನು ನೋಡಿ ತಲೆಯಾಡಿಸಿದರು. “ಅದು ಕುದುರೆ ಕಣ, ನಂಗಾಗಕಿಲ್ಲ. ನಾನು ಅಳಿಮಯ್ಯನ ಗಾಡೀಲೇ ಓಯ್ತೀನಿ. ನೇಮಸ್ತರ ಹಿಂದೆ ಕೂತ್ರೆ ಭಯ ಇಲ್ಲ.” ಹೀಗೆ ಮಂಗಳಾ, ಹಳೆ ಸೀರೆಯಲ್ಲಿ ಸುತ್ತಿದ ಬಾಂಡಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮನ ಬೈಕು ಹತ್ತಿದಳು. ಗುಂಡ್ಲುಪೇಟೆಯಲ್ಲಿ ದೊಡ್ಡತ್ತೆ ತಮ್ಮ ಕೈಯಾರೆ ಅದನ್ನು ಅವಳಿಗೆ ಒಪ್ಪಿಸಿ ಬಸ್ಸು ಹತ್ತುವುದೆಂದು ತೀರ್ಮಾನವಾಗಿತ್ತು.

ಹೆದ್ದಾರಿಗೆ ಬಂದೆವು. ಬಿಸಿಲು ಏರಿತ್ತು. ಮೊದಲು ಎಣ್ಣೆ ಬಂತು. ನೆತ್ತಿಯಿಂದ ಹೊರಟು, ಹಣೆಯ ಮೇಲೆ ಸಾವಕಾಶವಾಗಿ ಇಳಿದು, ಹುಬ್ಬಿನಲ್ಲಿ ಸ್ವಲ್ಪ ವಿಶ್ರಾಂತಿ ಪಡೆದು, ಕಣ್ಣಿಗೆ ಬಂತು.

“ಯಾನ ಅಳಿಮಯ್ಯ, ಗಮಗಮ ಅಂತದಲ್ಲ?” ಎಂದರು ದೊಡ್ಡತ್ತೆ ನನ್ನ ಬೆನ್ನ ಹಿಂದಿನಿಂದ. ಕಣ್ಣು ಮಂಜಾದರೂ ಮೂಗು ಚುರುಕು.

“ತಲೆಗೆ ಎಣ್ಣೆ ಹಾಕಿದ್ದೀನಿ, ದೊಡ್ಡತ್ತೆ.”

“ಎಣ್ಣೇಲಿ ಬೆಲ್ಲ ಬೆರಸಿದ್ದೀರಾ?”

ಉತ್ತರ ಹುಡುಕುವಷ್ಟರಲ್ಲಿ ಹೆಲ್ಮೆಟ್ಟಿನ ಮೂಲನಿವಾಸಿಗಳು ಎಚ್ಚರಗೊಂಡರು. ಕಟ್ಟಿರುವೆಗಳು! ಮೊದಲು ಒಂದು, ಕಿವಿಯ ಹಿಂದೆ. ಆಮೇಲೆ ಒಂದು, ಕತ್ತಿನಲ್ಲಿ. ಆಮೇಲೆ ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸ್ಕೂಟರು ರಸ್ತೆಯಲ್ಲಿ ಹಾವಿನಂತೆ ಹರಿಯಿತು. ಹೇಗೋ ರಸ್ತೆ ಬದಿಯ ಚೆಂಡು ಹೂವಿನ ಹೊಲದ ಪಕ್ಕ ನಿಲ್ಲಿಸಿ, ದೊಡ್ಡತ್ತೆ ಇಳಿದದ್ದೇ ತಡ, ಕುಣಿಯತೊಡಗಿದೆ.

ಕುಣಿದೆ ಎಂದರೆ ಸುಮ್ಮನೆ ಅಲ್ಲ. ಭುಜ ಹಾರಿಸಿದೆ, ಕಾಲು ಎತ್ತೆತ್ತಿ ಹಾಕಿದೆ, “ಹಾ ಹೂ” ಎಂದೆ. ಹೊಲದಲ್ಲಿ ಕೇರಳದಿಂದ ಬಂದ ಒಂದು ಕುಟುಂಬ ಹೂಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಅವರು ಹೂವಿನ ಕಡೆಯಿಂದ ನನ್ನ ಕಡೆಗೆ ಫೋನು ತಿರುಗಿಸಿದರು. ಹೆಲ್ಮೆಟ್ ಕಿತ್ತು ಬಿಸಾಡಬಹುದಿತ್ತು. ಆದರೆ ಬಿಸಾಡಿದರೆ ಕಜ್ಜಾಯ ಬೀಳುತ್ತದೆ. ಕಜ್ಜಾಯ ಬಿದ್ದರೆ ಮಂಗಳಾಳ ಎಡೆಯೂ ಬೀಳುತ್ತದೆ. ಹಾಗಾಗಿ ಅದನ್ನು ಎರಡೂ ಕೈಯಿಂದ ಒತ್ತಿಹಿಡಿದು ಕುಣಿದೆ.

ದೊಡ್ಡತ್ತೆ ಮಂಜುಗಣ್ಣಿನಿಂದ ಕ್ಷಣಕಾಲ ನನ್ನನ್ನು ದಿಟ್ಟಿಸಿದರು. ಆಮೇಲೆ ಚಪ್ಪಲಿ ಕಳಚಿದರು. ಕೈ ಮುಗಿದರು.

“ಬಂದ್ಯಾ ನನ್ನಪ್ಪ!”

ನನಗೆ ಅರ್ಥವಾಗಲಿಲ್ಲ. ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದೆ.

“ಮರದಯ್ಯ! ನೇಮಸ್ತರ ಮೈಮ್ಯಾಲೇ ಬಂದೆಯಲ್ಲಪ್ಪಾ. ಬಾಯ್ಬುಟ್ ಏಳು. ನಮ್ ಎಣ್ಮಗಳು ಮಾಡಿದ ಎಡೆ ಒಪ್ಕಂಡ್ಯಾ?”

ಇತಿಹಾಸದ ಉಪನ್ಯಾಸಕನೊಬ್ಬನಿಗೆ ದೇವರ ಹುದ್ದೆ ಇಷ್ಟು ಸುಲಭವಾಗಿ ಸಿಕ್ಕಿದ್ದು ಇದೇ ಮೊದಲಿರಬೇಕು. ಮಾಡಬೇಕಾಗಿದ್ದದ್ದೂ ಬಹಳ ಚಿಕ್ಕ ಕೆಲಸ. ತಲೆಯನ್ನು ಮೇಲಿಂದ ಕೆಳಕ್ಕೆ ಒಂದು ಸಲ ಆಡಿಸಿದ್ದರೆ ಸಾಕಿತ್ತು. ಮಂಗಳಾಗೆ ಬಾಂಡಲೆ, ದೊಡ್ಡತ್ತೆಗೆ ನೆಮ್ಮದಿ, ಪ್ರಯೋಗಕ್ಕೆ ಕಜ್ಜಾಯ! ಸುಳ್ಳು ದೇವರಾಗುವುದು ತಪ್ಪೋ ಅಲ್ಲವೋ ಎಂದು ನಾನು ವಿಚಾರ ಮಾಡುತ್ತಿದ್ದೆ. ಅಷ್ಟರಲ್ಲಿ ಒಂದು ಇರುವೆ ನನ್ನ ಕಿವಿಯೊಳಗೆ ಕಾಲಿಟ್ಟಿತು.

ನಾನು ತಲೆಯನ್ನು ಅತ್ತಿಂದಿತ್ತ, ಇತ್ತಿಂದತ್ತ, ಬುಗುರಿಯಂತೆ ಒದರಿದೆ.

ದೊಡ್ಡತ್ತೆಯ ಕೈ ಹಾಗೇ ಕೆಳಗಿಳಿಯಿತು.

“ಒಲ್ಲೆ ಅಂತೀಯಾ?” ಅವರ ದನಿ ಸಣ್ಣಗಾಗಿತ್ತು. “ಯಾನ್ ತಪ್ಪಾಯ್ತಪ್ಪ? ಎಣ್ಮಗಳು ನೀರೂ ಕುಡ್ದಿರ್ನಿಲ್ಲ...”

ಸರಿಯಾಗಿ ಆಗ ಸಿದ್ದರಾಜುವಿನ ಬೈಕು ಬಂದು ನಿಂತಿತು.

“ಯಾಕತ್ತೆ? ಏನಾಯ್ತು ಇವ್ರಿಗೆ?” ಮಂಗಳಾ ಇಳಿದು ಓಡಿ ಬಂದಳು.

“ಮರದಯ್ಯ ಬಂದವ್ನೆ ಕಣವ್ವ ಅಳಿಮಯ್ಯನ ಮ್ಯಾಲೆ. ಕೇಳ್ದೆ. ನಿನ್ನೆಡೆ ಒಲ್ಲೆ ಅಂದ್ಬುಟ್ಟ.”

ಮಂಗಳಾ ನನ್ನ ಕಡೆ ನೋಡಲಿಲ್ಲ. ತೋಳಿನಲ್ಲಿ ಅವುಚಿಕೊಂಡಿದ್ದ ಬಾಂಡಲೆಯನ್ನು ನೋಡಿದಳು. “ಪಾಕ ಸರಿಯಾಗಿತ್ತಲ್ಲತ್ತೆ,” ಎಂದಳು ಮೆಲ್ಲಗೆ. ಆಮೇಲೆ ಅದನ್ನು ಬೈಕಿನ ಸೀಟಿನ ಮೇಲೆ, ಬೇರೆ ಯಾರದೋ ಸಾಮಾನನ್ನು ಇಡುವ ಹಾಗೆ, ಜೋಪಾನವಾಗಿ ಇಟ್ಟಳು. ಅದರ ಮೇಲಿಂದ ಕೈ ತೆಗೆದಳು.

ಆ ಕೈ ತೆಗೆದದ್ದನ್ನು ನೋಡಿದ ಮೇಲೆ ದೇವರಾಗಿರುವುದು ನನ್ನಿಂದ ಆಗಲಿಲ್ಲ. ರಾಜೀನಾಮೆ ಕೊಟ್ಟೆ.

“ದೇವರಲ್ಲ, ದೊಡ್ಡತ್ತೆ! ಇರುವೆ!” ಎಂದು ಕೂಗಿ ಹೆಲ್ಮೆಟ್ ಕಿತ್ತೆ.

ಬಾಳೆಎಲೆ ಹಾರಿಹೋಯಿತು. ಒಂದು ಕಜ್ಜಾಯ ಹೆಲ್ಮೆಟ್ಟಿನ ತಳದಲ್ಲಿ ಅಂಟಿಕೊಂಡಿತ್ತು. ಅದರ ಮೇಲೆ ಇರುವೆಗಳ ಸಭೆ ನಡೆದಿತ್ತು. ಗಾಳಿಗೆ ಚೆಂಡು ಹೂಗಳು ಮಾತ್ರ ತಲೆದೂಗಿದವು.

“ಭಾವ,” ಎಂದ ಸಿದ್ದರಾಜು ಕೊನೆಗೆ. “ತಲೆ ಮ್ಯಾಲೆ ಇನ್ನೊಂದದೆ.”

ಮುಟ್ಟಿ ನೋಡಿದೆ. ಇತ್ತು.

ಕೇರಳದ ಮನೆಯ ಯಜಮಾನರು ಫೋನು ಹಿಡಿದೇ ಹತ್ತಿರ ಬಂದು ಬಗ್ಗಿ ನೋಡಿದರು. “ಚೇಟ್ಟಾ, ಇದು ನೆಯ್ಯಪ್ಪಮಾಣೋ?” ಅವರ ನಾಡಿನಲ್ಲೂ ಕಜ್ಜಾಯದಂಥದ್ದೊಂದು ಉಂಟು, ಅದರ ಹೆಸರು ನೆಯ್ಯಪ್ಪಂ. ‘ಅಣ್ಣಾ, ಇದು ಅದೇನಾ’ ಎಂದು ಅವರು ಕೇಳಿದ್ದು. ಇಷ್ಟು ಆಸಕ್ತಿ ನನ್ನ ವಿದ್ಯಾರ್ಥಿಗಳಲ್ಲಿ ನಾನು ಎಂದೂ ಕಂಡಿಲ್ಲ.

ಮಂಗಳಾ ಈಗ ನನ್ನನ್ನು ನೋಡುತ್ತಿದ್ದಳು. ನೋಡದಿದ್ದರೇ ಚೆನ್ನಾಗಿತ್ತು.

“ಯಾಕ್ರೀ?” ಎಂದಳು.

“ಪ್ರಯೋಗ,” ಎಂದೆ. ಸುವರ್ಣಾವತಿಯ ಕಡಲೆಕಾಯಿಯಿಂದ ಹಿಡಿದು ಸೋಫಾದವರೆಗೆ ಎಲ್ಲ ವಿವರಿಸಿದೆ. ತಲೆಯ ಮೇಲೆ ಕಜ್ಜಾಯ ಇಟ್ಟುಕೊಂಡು ಯಾವ ಸಿದ್ಧಾಂತವನ್ನೂ ಮಂಡಿಸಬಾರದು ಎಂದು ಆವತ್ತು ತಿಳಿಯಿತು.

ದೊಡ್ಡತ್ತೆ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತರು. ನ್ಯಾಯಪೀಠ ಸಿದ್ಧವಾಯಿತು.

“ಅಂಗಾರೆ ನಾನ್ ಕೇಳ್ದಾಗ ತಲೆ ಒದರಿದ್ರಲ್ಲ, ಅದು?”

“ಕಿವಿಗೆ ಇರುವೆ ಹೋಗಿತ್ತು, ದೊಡ್ಡತ್ತೆ.”

“ಮರದಯ್ಯ ಯಾನೂ ಏಳ್ನಿಲ್ವಾ?”

“ಏನೂ ಹೇಳಲಿಲ್ಲ. ಇರುವೆ ಕಚ್ಚಿತು, ಅಷ್ಟೆ.”

“ಕಚ್ತಲ್ಲ! ಇನ್ಯಾನ್ ಏಳ್ಬೇಕು ನಿಮ್ಗೆ, ಓಲೆ ಬರೀಬೇಕಾ?”

ಸಿದ್ದರಾಜು ನಗು ತಡೆಯಲಾಗದೆ ಹೂವಿನ ಹೊಲದ ಕಡೆ ತಿರುಗಿ ನಿಂತ. ಮಂಗಳಾ ನಗಲಿಲ್ಲ. “ಕಲ್ಲು ದಾಟ್ಬುಡ್ತಲ್ಲತ್ತೆ,” ಎಂದಳು. “ಎಡೆ ಓಯ್ತಲ್ಲ.”

ದೊಡ್ಡತ್ತೆ ಹೆಲ್ಮೆಟ್ ತರಿಸಿ ಕಣ್ಣ ಹತ್ತಿರ ಹಿಡಿದು ನೋಡಿದರು, ಮೂಸಿದರು. ಇರುವೆಗಳ ಸಾಲನ್ನು ಬೆರಳಿನಿಂದ ಸರಿಸಿದರು.

“ಜೋಬಲ್ಲಿಟ್ಕಂಡ್ ಬಂದ್ರಾ?” ಎಂದು ನನ್ನನ್ನು ಕೇಳಿದರು.

“ಇಲ್ಲ.”

“ಕೈಲಿ?”

“ಇಲ್ಲ, ದೊಡ್ಡತ್ತೆ. ತಲೆ ಮೇಲೆ.”

“ತಲೆ ಮ್ಯಾಲೆ ಒತ್ಕಂಡು ಬಂದ್ರೆ ಅದು ಕದ್ದದ್ದಲ್ಲ. ಎಡೆ ಬರಾದೇ ತಲೆ ಮ್ಯಾಲೆ. ಮರದಯ್ಯ ಇಲ್ಲೀಗಂಟ ನಡ್ಕಂಡ್ ಬಂದವ್ನೆ ಅಂತ್ಲೇ ಅರ್ಥ. ಹೊಸ್ಲು ದಾಟಿಲ್ಲ, ಮನೆ ಸೇರಿಲ್ಲ. ಇಲ್ಲೇ ಮುಗುದ್ರೆ ಸಂದಂಗೆ.” ಆಮೇಲೆ ಮಂಗಳಾಳ ಕಡೆ ತಿರುಗಿದರು. “ಮತ್ತೆ ಒಂದ್ ಮಾತು ಕೇಳು ಮಗ. ಪಾಕ ಕೆಟ್ಟಿದ್ರೆ ಇರುವೆ ಇಂಗೆ ಮುತ್ತಾವಾ? ನಾನ್ ಕರಿದ ಕಜ್ಜಾಯಕ್ಕೆ ಒಂದಿನಾನೂ ಇಷ್ಟು ಮುತ್ತಿರ್ನಿಲ್ಲ.”

ಆ ತೀರ್ಪು ನಂಬಿಕೆಯಿಂದ ಬಂತೋ, ಪ್ರೀತಿಯಿಂದ ಬಂತೋ ಎಂದು ನನಗೆ ಇವತ್ತಿಗೂ ಕುತೂಹಲ. ಕೇಳುವ ಧೈರ್ಯ ಮಾತ್ರ ಇಲ್ಲ.

ದೊಡ್ಡತ್ತೆ ಹೊಲದ ಯಜಮಾನಿಯನ್ನು ಕೂಗಿ ಕೇಳಿ ಒಂದು ಚೆಂಡು ಹೂ ತರಿಸಿದರು. ಅದನ್ನು ನನ್ನ ತಲೆಯ ಮೇಲಿಂದ ಬಿಡಿಸಿದ ಕಜ್ಜಾಯದ ಮೇಲಿಟ್ಟು ಕೈ ಮುಗಿದರು. ಆಮೇಲೆ ಎರಡೂ ಕಜ್ಜಾಯಗಳನ್ನು ನನ್ನ ಅಂಗೈಗೆ ಹಾಕಿದರು.

“ತಿನ್ನಿ.”

“ಎರಡೂನಾ?”

“ಒತ್ಕಂಡ್ ಬಂದೋರ್ಯಾರು?”

ಸಹಾಯಕ್ಕೆ ಸುತ್ತ ನೋಡಿದೆ. ಸಿದ್ದರಾಜು, “ನಂಗ್ ಹೊಟ್ಟೆ ತುಂಬದೆ ಭಾವ,” ಎಂದ. ಕೇರಳದ ಯಜಮಾನರಿಗೆ ಒಂದನ್ನು ಚಾಚಿದೆ. ಅವರು ಇರುವೆಗಳನ್ನೂ ನನ್ನ ತಲೆಯನ್ನೂ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, “ವೇಂಡ ಚೇಟ್ಟಾ, ಷುಗರ್ ಉಂಡು,” ಎಂದು ಸಕ್ಕರೆ ಕಾಯಿಲೆಯ ನೆಪ ಹೇಳಿದರು.

ಹೀಗೆ ಚೆಂಡು ಹೂವಿನ ಹೊಲದ ಅಂಚಿನಲ್ಲಿ, ಗೋಪಾಲಸ್ವಾಮಿ ಬೆಟ್ಟಕ್ಕೆ ಮುಖ ಮಾಡಿ ನಿಂತು, ನಾನು ನನ್ನ ಪ್ರಯೋಗದ ಎರಡನೆಯ ಭಾಗವನ್ನು ನೆರವೇರಿಸಿದೆ. ಜಾಗಕ್ಕೇನೂ ಕೊರತೆಯಿರಲಿಲ್ಲ. ಕಣ್ಣು ಹೋಗುವಷ್ಟು ದೂರ ಹಳದಿ, ಕಿತ್ತಳೆ. ಬೆಟ್ಟದ ಮೇಲೆ ಮೋಡ. ಮೊದಲನೆಯ ಕಜ್ಜಾಯದಲ್ಲಿ ಕೊಬ್ಬರಿ ಎಣ್ಣೆ, ಬೆವರು ಮತ್ತು ಒಂದು ಬಗೆಯ ಹುಳಿ ಇತ್ತು. ಹುಳಿ ಇರುವೆಯದಿರಬೇಕು. ಒಂದು ಕೂದಲೂ ಸಿಕ್ಕಿತು. ನನ್ನದೇ. ಉಳಿದಿರುವುದೇ ಕೆಲವು!

ಎರಡನೆಯದನ್ನು ಬಾಯಿಗಿಟ್ಟಾಗ ಒಂದು ಇರುವೆ ನನ್ನ ತುಟಿ ಕಚ್ಚಿತು. ನಾನು “ಹಾ” ಎಂದು ಹಾರಿದೆ. ಆಗ ಮಂಗಳಾ ನಕ್ಕಳು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳಲಾಗದೆ, ಕೊನೆಗೆ ಬೈಕಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಬಾಂಡಲೆಯನ್ನು ಸೀಟಿನಿಂದ ಎತ್ತಿ ತಬ್ಬಿಕೊಂಡಳು. ದೊಡ್ಡತ್ತೆ ಅದರ ಅಂಚನ್ನು ಒಮ್ಮೆ ಸವರಿ, “ಇಟ್ಗ ಮಗ. ನಿಂದೇ,” ಎಂದರು.

ವಿಚಿತ್ರವೆಂದರೆ, ಎರಡನೆಯ ಕಜ್ಜಾಯ ಮೊದಲನೆಯದಕ್ಕಿಂತ ರುಚಿಯಾಗಿತ್ತು. ಅದೇ ಹಿಟ್ಟು, ಅದೇ ಎಣ್ಣೆ, ಅದೇ ಕೈ, ಅದೇ ತಲೆ. ಜಾಗವೂ ಅದೇ. ಇದನ್ನು ಯಾವ ಸಿದ್ಧಾಂತಕ್ಕೆ ಸೇರಿಸುವುದು? ಆ ರಾತ್ರಿ ದಿನಚರಿ ತೆರೆದು ಬಹಳ ಹೊತ್ತು ಕೂತೆ. ಕೊನೆಗೆ ಬರೆದದ್ದು: “ಮೋಡ. ಕಜ್ಜಾಯ ತಿಂದೆ. ತುಟಿ ಉಬ್ಬರ.”

ಈ ವರ್ಷದ ಎಡೆಯಲ್ಲಿ ಮಂಗಳಾ ಯಾರ ಸಹಾಯವೂ ಇಲ್ಲದೆ ಕರಿದಳು. ದೊಡ್ಡತ್ತೆ ಬೇರಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡೇ ಇದ್ದರು. ಎಣ್ಣೆ ಒಮ್ಮೆಯೂ ಬೈಯಲಿಲ್ಲವಂತೆ. ನೆಂಟರಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ಗಂಡ ಮೊದಲ ಸಲ ಬಂದಿದ್ದ. ಹೊರಡುವಾಗ ಎಲ್ಲೆಕಲ್ಲಿನ ಹತ್ತಿರ ಎಲ್ಲರೂ ನಿಂತೆವು. ಹೆಂಗಸರು ಸೆರಗು ಒದರಿದರು. ಗಂಡಸರು ಟವೆಲ್ ಒದರಿದರು, ಜೇಬು ಎಳೆದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಹೆಲ್ಮೆಟ್ ತಲೆಕೆಳಗು ಮಾಡಿ, ಕಲ್ಲಿನ ಮೇಲೆ ಟಕ್ ಟಕ್ ಎಂದು ಬಡಿದು ಒದರಿದರು.

ಹೊಸ ಅಳಿಯ ಬೆರಗಾಗಿ ಸಿದ್ದರಾಜುವನ್ನು ಕೇಳಿದ: “ಇದ್ಯಾಕಣ್ಣ, ಹೆಲ್ಮೆಟ್ಟು?”

“ನೇಮ ಕಣಪ್ಪ,” ಎಂದ ಸಿದ್ದರಾಜು, ಮುಖದ ಒಂದು ಗೆರೆಯೂ ಅಲುಗದಂತೆ. “ನಮ್ ತಾತನ ಕಾಲ್ದಿಂದ್ಲೂ ನಡ್ಕಂಡ್ ಬಂದದೆ.”

ಆ ಹುಡುಗ ಭಕ್ತಿಯಿಂದ ತನ್ನದನ್ನೂ ಒದರಿದ.

ನಾನು ಬಾಯಿ ತೆರೆದೆ. ತಾತನ ಕಾಲದಲ್ಲಿ ಹೆಲ್ಮೆಟ್ ಎಲ್ಲಿತ್ತು, ಸಾಕ್ಷ್ಯವಿಲ್ಲದ್ದನ್ನು ನಂಬಬೇಡ ಎಂದು ಇತಿಹಾಸದ ಉಪನ್ಯಾಸಕನಾಗಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಅಷ್ಟರಲ್ಲಿ ಮಂಗಳಾ ಬಾಂಡಲೆಯ ಹಿಂದಿನಿಂದ ನನ್ನತ್ತ ನೋಡಿ, ಹುಬ್ಬಿನಲ್ಲೇ ಕಲ್ಲಿನ ಕಡೆ ತೋರಿಸಿದಳು.

ಬಾಯಿ ಮುಚ್ಚಿ, ಹೆಲ್ಮೆಟ್ ಕಳಚಿ, ಮುಂದೆ ಹೋದೆ. ಎಲ್ಲರೂ ಮುಗಿಸಿದ ಮೇಲೆ ನಾನೊಬ್ಬ ಎರಡು ಸಲ ಒದರಬೇಕು. ಅದೂ ತಾತನ ಕಾಲದ್ದೇ!